ಜ್ವರದ ಸಮಯಕ್ಕೆ ಅಂತ ನಗರ ಒಂದಿಷ್ಟು ಹಣ ಎತ್ತಿಡಬೇಕಲ್ವಾ?

ಜೆಪ್ಪುಮನೆ | ಶನಿವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಶೇ. 5 ರಿಯಾಯಿತಿ ತಪ್ಪಬಾರದು ಅಂತ ಏಪ್ರಿಲ್ ಮುಗಿಯುವ ಮೊದಲೇ ಮನೆ ತೆರಿಗೆ ಕಟ್ಟಿ ಬಂದೆ. ಚಲನ್ ನೋಡುವಾಗ "ಆರೋಗ್ಯ ಸೆಸ್" ಎಂಬ ಸಾಲು ಕಣ್ಣಿಗೆ ಬಿತ್ತು. ಅವತ್ತಿನಿಂದ ಒಂದು ಪ್ರಶ್ನೆ ತಲೆಯಲ್ಲಿ ಕೂತಿದೆ.

2019ರ ಜುಲೈ ನೆನಪು ಉಂಟಲ್ವಾ? ನಮ್ಮ ಮಂಗಳೂರಿನಲ್ಲಿ ಗುಜ್ಜರಕೆರೆ, ಮಂಗಳಾದೇವಿ, ಜೆಪ್ಪು ಕಡೆಯೆಲ್ಲ ಡೆಂಗ್ಯೂ. ನನ್ನ ಮಗಳಿಗೆ ಆಗ ಒಂಬತ್ತು ವರ್ಷ. ಪ್ಲೇಟ್‌ಲೆಟ್ ಎಣಿಕೆ ಏರುತ್ತದಾ ಇಳಿಯುತ್ತದಾ ಅಂತ ಐದು ರಾತ್ರಿ ಆಸ್ಪತ್ರೆಯ ಬೆಂಚಿನಲ್ಲಿ ಕೂತು ಕಾದಿದ್ದೇವೆ. ಅದು ಮುಗಿಯಿತು ಅನ್ನುವಷ್ಟರಲ್ಲಿ ಕೊರೋನಾ ಬಂತು. ಮಳೆ ಈಗ ಮತ್ತೆ ಹತ್ತಿರ ಬರುತ್ತಾ ಇದೆ.

ನನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು. ವಾರದ ಮಜೂರಿ ಮನೆ ಖರ್ಚಿಗೆ ಹೋಗುತ್ತಿತ್ತು. ವರ್ಷದ ಬೋನಸ್ ಮಾತ್ರ ಮುಟ್ಟುವ ಹಾಗಿರಲಿಲ್ಲ. "ಅದು ಮಳೆಗಾಲದ ಕಾಯಿಲೆಗೆ" ಅಂತ ಎತ್ತಿಡುತ್ತಿದ್ದರು. ಶಾಲೆ ಚೀಲ ಹರಿದರೂ ಆ ಹಣ ಹೊರಗೆ ಬರುತ್ತಿರಲಿಲ್ಲ. ಒಂದು ನಗರಕ್ಕೆ ಅಂಥ ಹಣ ಉಂಟಾ? ಇದ್ದರೆ ಅದನ್ನು ಯಾರು ತೆಗೆಯಬಹುದು, ಯಾವಾಗ ತೆಗೆಯಬಹುದು, ಖರ್ಚಾದದ್ದನ್ನು ಮತ್ತೆ ತುಂಬುವುದು ಹೇಗೆ? ಇಲ್ಲದಿದ್ದರೆ ಈಗಲಾದರೂ ಮಾಡಬೇಕಲ್ವಾ? ತಿಳಿದವರು ಹೇಳಿ.

ಕದ್ರಿಗುಡ್ಡೆ | ಶನಿವಾರ ರಾತ್ರಿ 9:31

ವಿಪತ್ತು ನಿಧಿ ಇದೆಯಲ್ಲ, ಡಿಸಿ ಕೈಯಲ್ಲೇ ಇರುತ್ತದೆ. ಕೊರೋನಾಕ್ಕೂ ಅದರಿಂದಲೇ ಖರ್ಚು ಮಾಡಿದರು. ಪಾಲಿಕೆಗೆ ಪ್ರತ್ಯೇಕ ಯಾಕೆ?

ಬಂದರುಬದಿ | ಶನಿವಾರ ರಾತ್ರಿ 9:40

ಆರೋಗ್ಯ ಸೆಸ್ ಅಂತ ನಮ್ಮಿಂದ ತೆಗೆದುಕೊಳ್ಳುತ್ತಾರಲ್ಲ, ಅದನ್ನೇ ಜ್ವರಕ್ಕೆ ಬಳಸಲಿ.

ಆರಂಭಿಕಶಿಲ್ಕು | ಶನಿವಾರ ರಾತ್ರಿ 10:25

ನಾನು ಕರಾವಳಿಯ ಒಂದು ಸ್ಥಳೀಯ ಸಂಸ್ಥೆಯ ಲೆಕ್ಕ ವಿಭಾಗದಲ್ಲಿ ಇದ್ದವನು, ಈಗ ನಿವೃತ್ತ. ಮೇಲಿನ ಎರಡು ಮಾತಿಗೂ ಸ್ವಲ್ಪ ತಿದ್ದುಪಡಿ ಬೇಕು.

ಮೊದಲು ಸೆಸ್. ತೆರಿಗೆಯ ಮೇಲೆ ಆರೋಗ್ಯ ಸೆಸ್ ಶೇ. 15, ಗ್ರಂಥಾಲಯ ಸೆಸ್ ಶೇ. 6, ಭಿಕ್ಷುಕರ ಸೆಸ್ ಶೇ. 3. ಒಟ್ಟು ಶೇ. 24. ಇದನ್ನು ವಸೂಲಿ ಮಾಡುವುದು ಮಾತ್ರ ನಾವು. ಹಣ ನಮ್ಮದಲ್ಲ. ಗ್ರಂಥಾಲಯದ್ದು ಗ್ರಂಥಾಲಯ ಪ್ರಾಧಿಕಾರಕ್ಕೆ, ಆರೋಗ್ಯದ್ದು ಸರ್ಕಾರಕ್ಕೆ. ಚಲನ್‌ನಲ್ಲಿ ಹೆಸರು ಕಂಡ ತಕ್ಷಣ ಆ ಹಣ ನಮ್ಮ ವಾರ್ಡಿನ ಜ್ವರಕ್ಕೆ ಸಿಗುತ್ತದೆ ಅಂತ ತಿಳಿಯಬೇಡಿ.

ಇನ್ನು ವಿಪತ್ತು ನಿಧಿ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ ಕೆಳಗೆ ರಾಜ್ಯ ವಿಪತ್ತು ಸ್ಪಂದನ ನಿಧಿ ಇದೆ. ನಮ್ಮ ರಾಜ್ಯಕ್ಕೆ ಕೇಂದ್ರದ ಪಾಲು ಶೇ. 75, ರಾಜ್ಯದ್ದು ಶೇ. 25. ಯಾವುದಕ್ಕೆ ಖರ್ಚು ಮಾಡಬಹುದು ಅಂತ ಪಟ್ಟಿ ಉಂಟು: ಚಂಡಮಾರುತ, ಬರ, ಭೂಕಂಪ, ಬೆಂಕಿ, ನೆರೆ, ಸುನಾಮಿ, ಆಲಿಕಲ್ಲು ಮಳೆ, ಭೂಕುಸಿತ, ಹಿಮಪಾತ, ಮೇಘಸ್ಫೋಟ, ಕೀಟ ದಾಳಿ, ಶೀತ ಗಾಳಿ ಇಂಥವು. ಡೆಂಗ್ಯೂ ಆ ಪಟ್ಟಿಯಲ್ಲಿಲ್ಲ, ಮಲೇರಿಯಾವೂ ಇಲ್ಲ. ರಾಜ್ಯವು ತನ್ನದೇ ವಿಪತ್ತು ಅಂತ ಗುರುತಿಸಿದ ಸಂಗತಿಗೆ ನಿಧಿಯ ಶೇ. 10ರವರೆಗೆ ಬಳಸಬಹುದು. ಅದು ರಾಜ್ಯದ ತೀರ್ಮಾನ, ನಗರದ್ದಲ್ಲ.

ಕೊರೋನಾಕ್ಕೆ ಹೇಗೆ ಬಂತು ಅಂದರೆ, 2020ರ ಮಾರ್ಚ್ 14ರಂದು ಕೇಂದ್ರವೇ ಅದನ್ನು ಅಧಿಸೂಚಿತ ವಿಪತ್ತು ಅಂತ ಪರಿಗಣಿಸಿತು. ಅದಕ್ಕೂ ಮಿತಿ ಇತ್ತು. ಮೊದಲು ವರ್ಷದ ಹಂಚಿಕೆಯ ಶೇ. 35, ಸೆಪ್ಟೆಂಬರ್‌ನಲ್ಲಿ ಶೇ. 50 ಮಾಡಿದರು. ಇಡೀ ದೇಶವೇ ಬಾಗಿಲು ಹಾಕುವ ಹಂತಕ್ಕೆ ಬಂದಾಗ ಆ ನಿಧಿ ತೆರೆಯಿತು. ನಾಲ್ಕು ವಾರ್ಡಿನಲ್ಲಿ ಜ್ವರ ಬಂದರೆ ತೆರೆಯುವುದಿಲ್ಲ.

ಬಂದರುಬದಿ | ಶನಿವಾರ ರಾತ್ರಿ 10:33

ಇದು ನನಗೆ ನಿಜವಾಗಿ ಗೊತ್ತಿರಲಿಲ್ಲ ಸರ್. ಹಾಗಾದರೆ ಜ್ವರ ಬಂದ ವಾರ ಪಾಲಿಕೆ ಯಾವ ಹಣ ಮುಟ್ಟುತ್ತದೆ?

ಆರಂಭಿಕಶಿಲ್ಕು | ಶನಿವಾರ ರಾತ್ರಿ 11:02

ಸ್ವಂತ ನಿಧಿ. ಆಸ್ತಿ ತೆರಿಗೆ, ನೀರಿನ ಬಿಲ್, ಉದ್ದಿಮೆ ಪರವಾನಗಿ, ಕಟ್ಟಡ ಪರವಾನಗಿ ಶುಲ್ಕ, ಅಂಗಡಿ ಬಾಡಿಗೆ. ಉಳಿದದ್ದೆಲ್ಲ ಹೆಸರು ಬರೆದ ಹಣ. 2026ರ ಮಾರ್ಚ್‌ವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನಮ್ಮಂಥ ಊರುಗಳಿಗೆ ಶೇ. 60 ಕುಡಿಯುವ ನೀರು ಮತ್ತು ಸ್ವಚ್ಛತೆಗೇ ಕಟ್ಟಾಗಿತ್ತು. ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ಶೇ. 24.10, ಶೇ. 7.25, ಶೇ. 5 ಅಂತ ಪರಿಶಿಷ್ಟರಿಗೆ, ಇತರ ಬಡವರಿಗೆ, ಅಂಗವಿಕಲರಿಗೆ ಮೀಸಲು. ಅದು ಹಾಗೇ ಇರಬೇಕು, ಅದನ್ನು ಮುಟ್ಟಬಾರದು.

ಬಜೆಟ್ ಭಾಷಣದಲ್ಲಿ "ಮಿಗತೆ ಬಜೆಟ್" ಅಂತ ಕೇಳಿ ತುಂಬ ಜನ ಖುಷಿ ಪಡುತ್ತಾರೆ. ಮಿಗತೆ ಅಂದರೆ ಕೈಯಲ್ಲಿ ಹಣ ಅಂತ ಅಲ್ಲ. ಆರಂಭಿಕ ಶಿಲ್ಕಿನಲ್ಲಿ, ಅಂದರೆ ವರ್ಷದ ಶುರುವಿಗೆ ಖಾತೆಯಲ್ಲಿರುವ ಹಣದಲ್ಲಿ, ಕಾಣುವ ಕೋಟಿಗಳಲ್ಲಿ ಜಾಸ್ತಿ ಪಾಲು ಯಾವುದೋ ಯೋಜನೆಯ ಖಾತೆಯಲ್ಲಿ ಕೂತಿರುತ್ತದೆ.

ನಾನು ಕಂಡ ಒಂದು ಸಂಗತಿ ಹೇಳುತ್ತೇನೆ, ಊರು ಬೇಡ. ಒಂದು ಮಳೆಗಾಲ ಜ್ವರ ಏರಿತು. ಲಾರ್ವಾ ಮದ್ದಿಗೆ, ತಾತ್ಕಾಲಿಕ ಕೆಲಸಗಾರರಿಗೆ ಹಣ ಬೇಕು ಅಂತ ಆರೋಗ್ಯ ವಿಭಾಗ ಟಿಪ್ಪಣಿ ಇಟ್ಟಿತು. ಆ ಲೆಕ್ಕಶೀರ್ಷಿಕೆಯಲ್ಲಿ ಹಣ ಮುಗಿದಿತ್ತು. ಬೇರೆ ಶೀರ್ಷಿಕೆಯ ಹಣವನ್ನು ಇದಕ್ಕೆ ತಿರುಗಿಸಬೇಕು, ಪುನರ್‌ವಿನಿಯೋಗ ಅನ್ನುತ್ತೇವೆ. ಕಡತ ಹನ್ನೊಂದು ದಿನ ಸುತ್ತಿತು. ಯಾರೂ ಕೆಟ್ಟವರಲ್ಲ, ಯಾರೂ ಲಂಚ ಕೇಳಲಿಲ್ಲ. ಪ್ರತಿಯೊಬ್ಬರೂ ನಿಯಮ ನೋಡಿಯೇ ಸಹಿ ಹಾಕಿದರು. ಆ ಕಡತ ನನ್ನ ಮೇಜಿನಲ್ಲೂ ಎರಡು ದಿನ ಇತ್ತು.

ಆಶಾ_ಕಾವೂರು | ಭಾನುವಾರ ಬೆಳಿಗ್ಗೆ 6:20

ಸರ್, ನಿಮ್ಮ ಹನ್ನೊಂದು ದಿನ ಓದಿ ಮನಸ್ಸಿಗೆ ತುಂಬ ಬೇಸರವಾಯಿತು. ಮೊಟ್ಟೆಯಿಂದ ಸೊಳ್ಳೆ ಹಾರುವುದಕ್ಕೆ ಎಂಟು ಹತ್ತು ದಿನ ಸಾಕು. ಅದಕ್ಕೇ ನಾವು ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ವಾರಕ್ಕೊಮ್ಮೆ ನೀರು ಚೆಲ್ಲಿ ಅಂತ ಹೇಳುವುದು. ಕಡತ ಸುತ್ತಿ ಬರುವಷ್ಟರಲ್ಲಿ ಒಂದು ತಲೆಮಾರು ಸೊಳ್ಳೆ ಹುಟ್ಟಿ ಆಗಿರುತ್ತದೆ.

ಸ್ವರ್ಣಾತೀರ | ಭಾನುವಾರ ಬೆಳಿಗ್ಗೆ 8:05

ಉಡುಪಿಯಿಂದ ಬರೆಯುತ್ತಿದ್ದೇನೆ. 2020ರ ಮೇ ತಿಂಗಳ ನೆನಪು ಹೇಳಬೇಕು.

ಆ ಮೊದಲ ಎರಡು ತಿಂಗಳು ನಮ್ಮ ಜಿಲ್ಲೆ ಹೆಚ್ಚುಕಡಿಮೆ ಶಾಂತವಾಗಿತ್ತು. ಆಮೇಲೆ ಮುಂಬೈಯಿಂದ ನಮ್ಮವರು ಬರಲು ಶುರು ಮಾಡಿದರು. ಬರಲೇಬೇಕಿತ್ತು, ಅಲ್ಲಿ ಹೋಟೆಲು ಬಂದ್, ಕೆಲಸ ಇಲ್ಲ, ಒಂದು ಕೋಣೆಯಲ್ಲಿ ಎಂಟು ಜನ. ಅವರನ್ನು ಉಳಿಸಿಕೊಳ್ಳಲು ಶಾಲೆ, ಹಾಸ್ಟೆಲು ಎಲ್ಲ ಕ್ವಾರಂಟೈನ್ ಕೇಂದ್ರ ಆಯಿತು. ನಾನು ಒಂದು ಶಾಲೆಯಲ್ಲಿ ಅಡುಗೆ ವ್ಯವಸ್ಥೆಗೆ ನಿಂತಿದ್ದೆ. ಮೊದಲ ದಿನ ಸಂಜೆ ಬಸ್ಸು ಬಂದಿತು. ಚಾಪೆ ಇಲ್ಲ, ಬಕೆಟು ಇಲ್ಲ, ಹೆಂಗಸರ ಶೌಚಾಲಯದ ಬಾಗಿಲಿಗೆ ಚಿಲಕ ಇಲ್ಲ. ಯಾರಿಗೂ ಬೈಯುವ ಹಾಗಿಲ್ಲ, ಎಲ್ಲರಿಗೂ ಅದು ಹೊಸತು. ಊರಿನವರೇ ಅಕ್ಕಿ ತಂದರು. ಒಬ್ಬರು ಅಂಗಡಿಯವರು ಸಾಲದಲ್ಲಿ ಬಕೆಟು ಕೊಟ್ಟರು.

ಆಗ ದೊಡ್ಡ ಮೊತ್ತ ಬೇಕಾಗಿದ್ದಿಲ್ಲ. ಅವತ್ತು ಸಂಜೆ ಐದು ಗಂಟೆಗೆ ಐವತ್ತು ಸಾವಿರ ಬೇಕಿತ್ತು. ಮೂರು ತಿಂಗಳ ನಂತರ ಬಂದ ಐದು ಲಕ್ಷಕ್ಕಿಂತ ಅದು ದೊಡ್ಡದು.

ಕದ್ರಿಗುಡ್ಡೆ | ಭಾನುವಾರ ಬೆಳಿಗ್ಗೆ 8:22

ನಿಮ್ಮ ಮಾತಿನಲ್ಲೇ ಉತ್ತರ ಇದೆ. ಜನರೇ ತಂದರಲ್ವಾ? ಉಡುಪಿಯಲ್ಲಿ ಡಾ. ಟಿ.ಎಂ.ಎ. ಪೈ ಆಸ್ಪತ್ರೆಯನ್ನು ಕೋವಿಡ್‌ಗೆ ಬಿಟ್ಟುಕೊಟ್ಟು ಮಣಿಪಾಲದ ಮಾಹೆ ವಿಶ್ವವಿದ್ಯಾಲಯದವರು ಖರ್ಚು ಹೊತ್ತರು. ದೇವಸ್ಥಾನ, ಇಗರ್ಜಿ, ಮಸೀದಿ, ಎಲ್ಲರೂ ಊಟ ಕೊಟ್ಟರು. ನಮ್ಮ ಜಿಲ್ಲೆಯ ಬಲ ಅದು. ಸರ್ಕಾರಿ ಖಾತೆಯಲ್ಲಿ ಹಣ ಸುಮ್ನೆ ಕೊಳೆಯುವುದಕ್ಕಿಂತ ಇದೇ ಒಳ್ಳೆಯದು.

ಸ್ವರ್ಣಾತೀರ | ಭಾನುವಾರ ಬೆಳಿಗ್ಗೆ 8:41

ದಾನಕ್ಕೆ ನಾನು ಕೈ ಮುಗಿಯುತ್ತೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮೂರನೇ ವಾರಕ್ಕೆ ಅಕ್ಕಿ ಕೊಡುವವರ ಕೈಯೂ ಖಾಲಿಯಾಯಿತು. ಅವರ ಅಂಗಡಿಯೂ ಬಂದ್ ಆಗಿತ್ತಲ್ಲ. ಹೆಸರಿರುವ ಕೇಂದ್ರಕ್ಕೆ ಎರಡೆರಡು ಊಟ ಬರುತ್ತಿತ್ತು, ಒಳಗಿನ ಶಾಲೆಗೆ ಒಂದೂ ಇಲ್ಲ. ದಾನ ಕೊಡುವವರಿಗೆ ಕಂಡ ಕಡೆ ಹೋಗುತ್ತದೆ. ಕಾಣದ ಕಡೆಗೆ ಹೋಗಬೇಕಾದ್ದು ನಗರಸಭೆಯ ಹಣ.

ಪಂಪ್‌ವೆಲ್_ದಾರಿ | ಭಾನುವಾರ ಬೆಳಿಗ್ಗೆ 9:15

ನಾನು ಇದಕ್ಕೆ ವಿರೋಧ, ಯಾಕೆ ಅಂತ ಹೇಳುತ್ತೇನೆ. ನಮ್ಮ ವಾರ್ಡಿನಲ್ಲಿ ಚರಂಡಿಗೆ ಹಣ ಇಲ್ಲ ಅಂತಾರೆ. ಬೇಸಿಗೆಯಲ್ಲಿ ತುಂಬೆ ಅಣೆಕಟ್ಟಿನಲ್ಲಿ ನೀರು ಇಳಿದರೆ ಟ್ಯಾಂಕರಿಗೆ ಕಾಯಬೇಕು. 2019ರ ಮೇಯಲ್ಲಿ ರೇಷನ್ ಮಾಡಿ ನೀರು ಬಿಟ್ಟರು, 2023ರಲ್ಲಿ ಮತ್ತೆ ಅದೇ ಆಯಿತು. ಇಷ್ಟೆಲ್ಲ ಬಾಕಿ ಇರುವಾಗ ಕೋಟಿಗಟ್ಟಲೆ ಠೇವಣಿ ಇಡಿ ಅಂದರೆ ತೆರಿಗೆ ಕಟ್ಟುವವರಿಗೆ ಅನ್ಯಾಯ ಅಲ್ವಾ? ಚರಂಡಿ ಸರಿ ಇದ್ದರೆ ಸೊಳ್ಳೆ ಯಾಕೆ ಬರುತ್ತದೆ?

ಆಶಾ_ಕಾವೂರು | ಭಾನುವಾರ ಬೆಳಿಗ್ಗೆ 9:38

ಅಣ್ಣಾ, ಡೆಂಗ್ಯೂ ಸೊಳ್ಳೆ ಚರಂಡಿಯಲ್ಲಿ ಹುಟ್ಟುವುದು ಕಡಿಮೆ. ಅದಕ್ಕೆ ನಿಂತ ಒಳ್ಳೆ ನೀರು ಬೇಕು. ಮೊನ್ನೆ ಒಂದೇ ಬೀದಿಯಲ್ಲಿ ನಾನು ಕಂಡದ್ದು: ಅಂಗಳದಲ್ಲಿ ಬಿದ್ದ ಅಡಿಕೆ ಹಾಳೆ, ಕುಡಿದು ಬಿಸಾಡಿದ ಬೊಂಡದ ಚಿಪ್ಪು, ಟರ್ಪಾಲಿನ ಮಡಿಕೆ, ಫ್ರಿಜ್ಜಿನ ಹಿಂದಿನ ತಟ್ಟೆ, ಮುಚ್ಚಳ ಇಲ್ಲದ ಸಿಂಟೆಕ್ಸ್. ಮಲೇರಿಯಾದ್ದು ಕಟ್ಟಡ ಕಟ್ಟುವ ಜಾಗದ ನೀರಿನಲ್ಲಿ, ತಾರಸಿ ಟ್ಯಾಂಕಿಯಲ್ಲಿ. ಚರಂಡಿ ಬೇಕು, ಬೇಡ ಅಂತ ಅಲ್ಲ. ಆದರೆ ಚರಂಡಿ ಆದ ಮೇಲೂ ಈ ಕೆಲಸ ಇರುತ್ತದೆ.

ಬಂದರುಬದಿ | ಭಾನುವಾರ ಬೆಳಿಗ್ಗೆ 9:44

ಮೀನುಗಾರಿಕೆ ದಕ್ಕೆಯಲ್ಲಿ ಮೇಲೆ ಎಳೆದಿಟ್ಟ ದೋಣಿಯೊಳಗೂ ನೀರು ನಿಲ್ಲುತ್ತದೆ ಅಕ್ಕ. ಮಳೆಗಾಲದ ರಜೆಯಲ್ಲಿ ಯಾರೂ ನೋಡುವುದಿಲ್ಲ.

ಸುಳ್ಯತೋಟ | ಭಾನುವಾರ ಬೆಳಿಗ್ಗೆ 9:58

ರಬ್ಬರ್ ತೋಟದಲ್ಲಿ ಹಾಲು ಹಿಡಿಯುವ ಕಪ್‌ಗಳನ್ನೂ ಸೇರಿಸಿ. ಟ್ಯಾಪಿಂಗ್ ನಿಲ್ಲಿಸಿದ ಮೇಲೆ ಕವುಚಿ ಹಾಕಬೇಕು. ನಮ್ಮಲ್ಲಿ ಆಳುಗಳಿಗೆ ಅದಕ್ಕೇ ಒಂದು ದಿನದ ಸಂಬಳ ಕೊಟ್ಟು ಮಾಡಿಸುತ್ತೇವೆ.

ಕಡಲಾಚೆ | ಭಾನುವಾರ ಮಧ್ಯಾಹ್ನ 12:30

ಊರು ಕುಳಾಯಿ, ಈಗ ಅಮೆರಿಕದಲ್ಲಿ ಒಂದು ಕೌಂಟಿಯ ಹಣಕಾಸು ವಿಭಾಗದಲ್ಲಿ ಕೆಲಸ. ಇಲ್ಲಿ ಇದು ರೂಢಿ ಮಾತು. ಸರ್ಕಾರಿ ಹಣಕಾಸು ಅಧಿಕಾರಿಗಳ ಸಂಘ ಜಿಎಫ್‌ಒಎ ಅಂತ ಉಂಟು. ಸಾಮಾನ್ಯ ನಿಧಿಯಲ್ಲಿ ಕನಿಷ್ಠ ಎರಡು ತಿಂಗಳ ಖರ್ಚಿನಷ್ಟು ಅಥವಾ ಆದಾಯದಷ್ಟು ಹಣ ಕಟ್ಟುಪಾಡಿಲ್ಲದೆ ಉಳಿದಿರಲಿ ಅಂತ ಅವರ ಸಲಹೆ.

ಕೋವಿಡ್ ಬಂದಾಗ ಅದು ಯಾಕೆ ಬೇಕು ಅಂತ ಗೊತ್ತಾಯಿತು. 2020ರ ಕೇರ್ಸ್ ಎಂಬ ಕೋವಿಡ್ ನೆರವಿನ ಕಾಯ್ದೆಯಲ್ಲಿ ಇಲ್ಲಿನ ಕೇಂದ್ರ ಸರ್ಕಾರ ರಾಜ್ಯ, ಸ್ಥಳೀಯ ಆಡಳಿತಗಳಿಗೆ 15,000 ಕೋಟಿ ಡಾಲರ್ ಕೊಟ್ಟಿತು. ಆದರೆ ಸ್ಥಳೀಯ ಆಡಳಿತಗಳಲ್ಲಿ 5 ಲಕ್ಷಕ್ಕಿಂತ ಜಾಸ್ತಿ ಜನ ಇರುವವಕ್ಕೆ ಮಾತ್ರ ನೇರವಾಗಿ. 2011ರ ಜನಗಣತಿಯಲ್ಲಿ ಮಂಗಳೂರು ಪಾಲಿಕೆ 5 ಲಕ್ಷದ ಒಳಗೇ ಇತ್ತು. ಇಲ್ಲಿ ಇದ್ದಿದ್ದರೆ ರಾಜ್ಯದ ಬಾಗಿಲು ಕಾಯಬೇಕಿತ್ತು. ಸಣ್ಣ ಊರುಗಳಿಗೆ ಸರಿಯಾಗಿ ಕೈಗೆ ಹಣ ಬಂದದ್ದು 2021ರ ಇನ್ನೊಂದು ಕಾಯ್ದೆಯಲ್ಲಿ. ಅದು ರಾಜ್ಯ ಮತ್ತು ಸ್ಥಳೀಯ ಆಡಳಿತಗಳಿಗೆ ಸೇರಿ 35,000 ಕೋಟಿ ಡಾಲರ್, ಖರ್ಚಿಗೆ 2026ರ ಕೊನೆಯವರೆಗೆ ಸಮಯ. ನಡುವಿನ ಒಂದು ವರ್ಷ ಸಣ್ಣ ಊರುಗಳನ್ನು ದಾಟಿಸಿದ್ದರಲ್ಲಿ ಅವುಗಳ ಮೀಸಲು ಹಣದ ಪಾಲು ದೊಡ್ಡದು.

ಆರಂಭಿಕಶಿಲ್ಕು | ಭಾನುವಾರ ಮಧ್ಯಾಹ್ನ 1:10

ಎರಡು ತಿಂಗಳು ಇಲ್ಲಿ ಆಗುವ ಮಾತಲ್ಲ. ಸ್ವಂತ ಆದಾಯದಲ್ಲಿ ಮೊದಲು ಪೌರಕಾರ್ಮಿಕರ ಸಂಬಳ, ಕರೆಂಟು ಬಿಲ್, ಪಂಪ್‌ಹೌಸು, ಕಸದ ವಾಹನ. ಅದು ನಿಂತರೆ ಬೇರೆಯೇ ರೋಗ ಬರುತ್ತದೆ. ಅಲ್ಲಿನ ಲೆಕ್ಕ ಇಲ್ಲಿಗೆ ಹಾಕಿದರೆ ಕೌನ್ಸಿಲ್ ಒಂದೇ ನಿಮಿಷದಲ್ಲಿ ತಳ್ಳಿಹಾಕುತ್ತದೆ. ಸ್ವಂತ ಆದಾಯ 100 ರೂಪಾಯಿ ಬಂದರೆ 2 ರೂಪಾಯಿ ಎತ್ತಿಡಿ. ಐದು ವರ್ಷಕ್ಕೆ 10 ಆಗುತ್ತದೆ. ಸಣ್ಣದಾಗಿ ಶುರು ಮಾಡಿದರೆ ಉಳಿಯುತ್ತದೆ.

ಕಡಲಾಚೆ | ಭಾನುವಾರ ಮಧ್ಯಾಹ್ನ 1:18

ಒಪ್ಪಿದೆ. ಮೊತ್ತಕ್ಕಿಂತ ಬರೆದಿಟ್ಟ ನಿಯಮ ಮುಖ್ಯ ಅಂತಲೇ ನನ್ನ ಅಭಿಪ್ರಾಯವೂ.

ಲಾಲ್‌ಬಾಗ್_ವಾಸಿ | ಭಾನುವಾರ ಮಧ್ಯಾಹ್ನ 2:05

ಇನ್ನೊಂದು ವಿಷಯ ಯಾರೂ ಹೇಳಲಿಲ್ಲ. ರೋಗದ ಸಮಯದಲ್ಲಿ ಖರ್ಚು ಏರುವುದು ಮಾತ್ರ ಅಲ್ಲ, ಆದಾಯವೂ ಬೀಳುತ್ತದೆ. 2020ರಲ್ಲಿ ತೆರಿಗೆ ರಿಯಾಯಿತಿ ಅವಧಿ ಮುಂದೆ ಹಾಕಿದರು. ಅದು ಸರಿಯೇ, ಜನರ ಕೈಯಲ್ಲಿ ಹಣ ಇರಲಿಲ್ಲ. ಆದರೆ ಏಪ್ರಿಲ್‌ನಲ್ಲಿ ಬರಬೇಕಾದ ಹಣ ಏಪ್ರಿಲ್‌ನಲ್ಲಿ ಬರಲಿಲ್ಲ. ಅದೇ ತಿಂಗಳು ಸೆಂಟ್ರಲ್ ಮಾರ್ಕೆಟಿನ ಸಗಟು ವ್ಯಾಪಾರ ಬೈಕಂಪಾಡಿ ಎಪಿಎಂಸಿಗೆ ಹೋಯಿತು. ಅಂಗಡಿ ಬಾಗಿಲು ತೆರೆಯದಿದ್ದರೆ ಬಾಡಿಗೆ, ಪರವಾನಗಿ ಶುಲ್ಕ ಕೇಳುವುದು ಹೇಗೆ? ಅಂದರೆ ಎರಡೂ ಕಡೆಯಿಂದ ಪೆಟ್ಟು. ಪಂಪ್‌ವೆಲ್ ಅಣ್ಣನವರೇ, ಚರಂಡಿ ಕೆಲಸ ಅರ್ಧಕ್ಕೆ ನಿಲ್ಲುವುದು ಇಂಥ ವರ್ಷದಲ್ಲೇ. ಮೀಸಲು ಹಣ ಇದ್ದರೆ ನಿಮ್ಮ ಚರಂಡಿಯ ಹಣಕ್ಕೆ ಯಾರೂ ಕೈ ಹಾಕಬೇಕಾಗಿಲ್ಲ.

ಪಂಪ್‌ವೆಲ್_ದಾರಿ | ಭಾನುವಾರ ಮಧ್ಯಾಹ್ನ 2:20

ಈ ಮಾತು ಸ್ವಲ್ಪ ಒಪ್ಪುವಂಥದ್ದು. ಆದರೂ ತುರ್ತು ಅನ್ನುವ ಪದ ನನಗೆ ಹೆದರಿಕೆ. ತುರ್ತು ಅಂದರೆ ಟೆಂಡರ್ ಇಲ್ಲ. ಟೆಂಡರ್ ಇಲ್ಲ ಅಂದರೆ ನೂರು ರೂಪಾಯಿಯ ಮಾಸ್ಕು ನಾನೂರಕ್ಕೆ ಬರುತ್ತದೆ. ಇದಕ್ಕೆ ಉತ್ತರ ಕೊಡಿ.

ಔಷಧಿಅಂಗಡಿ | ಭಾನುವಾರ ಸಂಜೆ 4:50

ನಾನು ವೈದ್ಯಕೀಯ ಸಾಮಗ್ರಿ ಮಾರುವವನು. ಆ ಕಡೆಯ ಕಥೆಯನ್ನೂ ಕೇಳಿ ಮಾರಾಯ್ರೆ.

ಎರಡನೇ ಅಲೆಯಲ್ಲಿ ಒಂದು ಕಚೇರಿಯಿಂದ ಫೋನ್ ಬಂತು. ಯಾವ ಕಚೇರಿ ಅಂತ ಬೇಡ. "ಗ್ಲೌಸ್, ಪಿಪಿಇ ಕಿಟ್, ಪಲ್ಸ್ ಆಕ್ಸಿಮೀಟರ್ ಕಳಿಸಿ, ಬಿಲ್ ಮಾಡಿಸಿ ಕೊಡುತ್ತೇವೆ" ಅಂದರು. ನಾನು ಲಾಭ ನೋಡಲಿಲ್ಲ. ಕಂಪನಿಯವರು ನನಗೆ ಮುಂಗಡ ಇಲ್ಲದೆ ಮಾಲು ಕೊಡುತ್ತಿರಲಿಲ್ಲ, ಹೆಂಡತಿಯ ಬಳೆ ಬ್ಯಾಂಕಿನಲ್ಲಿಟ್ಟು ಮಾಲು ತರಿಸಿ ಕಳಿಸಿದೆ. ಬಿಲ್ ಪಾಸಾದದ್ದು ಹದಿನಾಲ್ಕು ತಿಂಗಳ ನಂತರ. ಆ ಹದಿನಾಲ್ಕು ತಿಂಗಳ ಬಡ್ಡಿ ನನ್ನದೇ.

ನನ್ನಂಥವನು ಮುಂದಿನ ಸಲ ಏನು ಮಾಡುತ್ತಾನೆ? ಒಂದೋ ಇಲ್ಲ ಅನ್ನುತ್ತಾನೆ, ಇಲ್ಲವೇ ಬಡ್ಡಿ ಸೇರಿಸಿ ರೇಟು ಹೇಳುತ್ತಾನೆ. ನೀವು ಹೇಳಿದ ನೂರು ನಾನೂರಾಗುವುದರಲ್ಲಿ ಕಳ್ಳತನವೂ ಇರಬಹುದು, ಇಂಥ ಹೆದರಿಕೆಯೂ ಇರುತ್ತದೆ. ಹದಿನೈದು ದಿನದಲ್ಲಿ ಹಣ ಖಂಡಿತ ಅಂತಾದರೆ ಮಾಮೂಲಿ ರೇಟಿಗೆ ಕೊಡುವವರು ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಬಂದರುಬದಿ | ಭಾನುವಾರ ಸಂಜೆ 5:02

ಬಳೆ ಬಿಡಿಸಿಕೊಂಡಿರಾ ಅಣ್ಣ?

ಔಷಧಿಅಂಗಡಿ | ಭಾನುವಾರ ಸಂಜೆ 5:06

ಬಿಡಿಸಿದೆ. ಕೇಳಿದ್ದಕ್ಕೆ ಥ್ಯಾಂಕ್ಸ್.

ಆರಂಭಿಕಶಿಲ್ಕು | ಭಾನುವಾರ ಸಂಜೆ 6:15

ಟೆಂಡರ್ ಪ್ರಶ್ನೆಗೆ. ನಮ್ಮ ರಾಜ್ಯದಲ್ಲಿ 1999ರ ಪಾರದರ್ಶಕತೆ ಕಾಯ್ದೆ ಇದೆ, ಕೆಟಿಪಿಪಿ ಅನ್ನುತ್ತೇವೆ. ಸರ್ಕಾರ ಘೋಷಿಸಿದ ನೈಸರ್ಗಿಕ ವಿಕೋಪ ಅಥವಾ ತುರ್ತು ಪರಿಸ್ಥಿತಿಯ ಅವಧಿಗೆ ಅದರ 4(ಎ) ಕಲಮಿನಲ್ಲಿ ಟೆಂಡರಿನಿಂದ ವಿನಾಯಿತಿ ಸಿಗುತ್ತದೆ. ಘೋಷಣೆ ಇಲ್ಲದಿದ್ದರೆ ಸಿಗುವುದಿಲ್ಲ. ನನ್ನ ಅನುಭವದಲ್ಲಿ ಒಳ್ಳೆಯ ದಾರಿ ಬೇರೆ. ಲಾರ್ವಾ ಮದ್ದು, ಟೆಸ್ಟ್ ಕಿಟ್, ಬ್ಲೀಚಿಂಗ್, ವಾಹನ ಬಾಡಿಗೆ, ಇದಕ್ಕೆಲ್ಲ ಮಾರ್ಚ್‌ನಲ್ಲೇ ಟೆಂಡರ್ ಕರೆದು ದರ ಒಪ್ಪಂದ ಮಾಡಿಡಬೇಕು. ಬೇಕಾದಾಗ ಆ ದರಕ್ಕೆ ತರಿಸುವುದು. ಆಗ ತುರ್ತೂ ಆಗುತ್ತದೆ, ಟೆಂಡರೂ ಆಗಿರುತ್ತದೆ.

ಇನ್ನು ನಿಧಿ ಸಾಯುವುದು ಹೇಗೆ ಅಂತ ಹೇಳಬೇಕು, ಯಾಕೆಂದರೆ ನಾನು ಕಣ್ಣಾರೆ ನೋಡಿದ್ದೇನೆ. ನಿಧಿ ಜ್ವರದಿಂದ ಖಾಲಿ ಆಗುವುದಿಲ್ಲ, ಕೈಬದಲಿನಿಂದ ಖಾಲಿ ಆಗುತ್ತದೆ. ಮಾರ್ಚ್ ಕೊನೆಯ ವಾರ. ಗುತ್ತಿಗೆದಾರರ ಬಿಲ್ ರಾಶಿ ಬಿದ್ದಿದೆ. ಅನುದಾನ ಬರಬೇಕು, ಬಂದಿಲ್ಲ. "ಆ ಖಾತೆಯಲ್ಲಿ ಇದೆಯಲ್ಲ, ಸದ್ಯಕ್ಕೆ ಅದರಿಂದ ಕೊಡೋಣ, ಏಪ್ರಿಲ್‌ನಲ್ಲಿ ವಾಪಸ್ ಹಾಕೋಣ" ಅಂತ ಒಂದು ಟಿಪ್ಪಣಿ. ಏಪ್ರಿಲ್ ಬರುತ್ತದೆ, ಹಣ ಬರುವುದಿಲ್ಲ. ಮೂರು ವರ್ಷ ಕಳೆದರೆ ಪುಸ್ತಕದಲ್ಲಿ ನಿಧಿ ಉಂಟು, ಬ್ಯಾಂಕಿನಲ್ಲಿ ಇಲ್ಲ. ಆದ್ದರಿಂದ ಬೇರೆ ಬ್ಯಾಂಕ್ ಖಾತೆ ಬೇಕು, ಕೈಬದಲು ಇಲ್ಲ ಅಂತ ನಿರ್ಣಯದಲ್ಲೇ ಬರೆದಿರಬೇಕು.

ಮೇಳದಹಿಂದೆ | ಭಾನುವಾರ ರಾತ್ರಿ 8:30

ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. 2020ರ ಮಾರ್ಚ್‌ನಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ನಿಲ್ಲಿಸಿದವು. ಮೇ ಕೊನೆಯಲ್ಲಿ ತಿರುಗಾಟ ಮುಗಿಯುವ ಪತ್ತನಾಜೆಯವರೆಗಿನ ಎರಡು ತಿಂಗಳ ದುಡಿಮೆ ಹೋಯಿತು. ಮಳೆಗಾಲಕ್ಕೆ ಅಂತ ಕೂಡಿಡುವ ಸಮಯವೇ ಅದು. ಸಹಾಯಕರು, ಟೆಂಟಿನವರು, ಲೈಟಿನವರು, ಎಷ್ಟು ಜನ ಕಷ್ಟಪಟ್ಟರು! ನಗರದ ತುರ್ತು ನಿಧಿಯಲ್ಲಿ ಕೆಲಸ ಕಳೆದುಕೊಂಡವರಿಗೂ ಪಾಲು ಇರಬಾರದಾ?

ಲಾಲ್‌ಬಾಗ್_ವಾಸಿ | ಭಾನುವಾರ ರಾತ್ರಿ 8:47

ಅವರ ಕಷ್ಟ ನಿಜ, ಆ ವರ್ಷ ನಾವೂ ಕೆಲವರ ಮನೆಗೆ ರೇಷನ್ ಮುಟ್ಟಿಸಿದ್ದೇವೆ. ಆದರೆ ಈ ನಿಧಿಗೆ ಅದನ್ನು ಸೇರಿಸಿದರೆ ಹತ್ತು ದಿನದಲ್ಲಿ ಹಣ ಮುಗಿಯುತ್ತದೆ. ಕೆಲಸ ಹೋದವರಿಗೆ ಪರಿಹಾರ ಕೊಡುವುದು ರಾಜ್ಯದ ಹೊಣೆ. ನಗರದ ಹಣ ರೋಗ ತಡೆಯಲು ಮಾತ್ರ ಇರಲಿ.

ಮೇಳದಹಿಂದೆ | ಭಾನುವಾರ ರಾತ್ರಿ 8:55

ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಹಸಿದವನು ಮನೆಯಲ್ಲಿ ಕೂರುವುದಿಲ್ಲ, ಜ್ವರ ಇದ್ದರೂ ಕೆಲಸ ಹುಡುಕಿ ಹೊರಗೆ ಹೋಗುತ್ತಾನೆ. ಊಟವೂ ರೋಗ ತಡೆಯುವ ಕೆಲಸವೇ. ಕನಿಷ್ಠ ಕ್ವಾರಂಟೈನಿನಲ್ಲಿ ಇರುವವರ ಮನೆಗೆ ರೇಷನ್ ಅಂತಾದರೂ ಬರೆಯಿರಿ.

ಜೆಪ್ಪುಮನೆ | ಭಾನುವಾರ ರಾತ್ರಿ 9:40

ಎರಡು ದಿನದಲ್ಲಿ ಇಷ್ಟು ಕಲಿತೆ, ಎಲ್ಲರಿಗೂ ಮನಸಾರೆ ವಂದನೆ. ಮೇಳದವರ ಕೊನೆಯ ಮಾತು ಸರಿ, ಅದನ್ನು ಬಿಡುವುದು ಬೇಡ.

ಬಜೆಟ್ ಪೂರ್ವಭಾವಿ ಸಭೆಗೆ ಒಂದು ಪತ್ರ ಬರೆಯೋಣ ಅಂತ ಇದ್ದೇನೆ. ಈಗ ನನಗೆ ಹೊಳೆದದ್ದು ಇದು. ಸ್ವಂತ ಆದಾಯದಿಂದ ವರ್ಷಕ್ಕೆ ಶೇ. 2 ಬೇರೆ ಖಾತೆಗೆ ಹೋಗಲಿ. ಜ್ವರ ಏರಿದರೆ ಮೊದಲ ಕಂತನ್ನು ಕಮಿಷನರ್ ಅವತ್ತೇ ಬಿಡುಗಡೆ ಮಾಡಲಿ, ಮುಂದಿನ ಕೌನ್ಸಿಲ್ ಸಭೆಗೆ ಲೆಕ್ಕ ಇಟ್ಟು ಘಟನೋತ್ತರ ಮಂಜೂರಾತಿ ಪಡೆಯಲಿ. ಮೂರು ಬಜೆಟ್‌ನೊಳಗೆ ಖರ್ಚಾದಷ್ಟು ತುಂಬಲಿ. ಒಂದು ತಿಂಗಳಲ್ಲಿ ಇಷ್ಟು ಡೆಂಗ್ಯೂ ಪ್ರಕರಣ ಬಂದರೆ ನಿಧಿ ತೆರೆಯಬೇಕು ಅಂತ ಒಂದು ಸಂಖ್ಯೆ ಹಾಕೋಣವಾ?

ಆಶಾ_ಕಾವೂರು | ಭಾನುವಾರ ರಾತ್ರಿ 10:10

ಸಂಖ್ಯೆ ಬೇಡ ಅಕ್ಕ. ಡೆಂಗ್ಯೂ ಖಚಿತ ಅಂತ ಲೆಕ್ಕಕ್ಕೆ ಬರುವುದು ಎಲೈಸಾ ಎಂಬ ರಕ್ತದ ಟೆಸ್ಟ್ ಆದದ್ದು ಮಾತ್ರ. ಸಣ್ಣ ಲ್ಯಾಬಿನಲ್ಲಿ ಕಾರ್ಡ್ ಟೆಸ್ಟ್ ಪಾಸಿಟಿವ್ ಬಂದರೆ ಅದು ಶಂಕಿತ ಅಷ್ಟೇ. ಎಷ್ಟೋ ಮನೆಯವರು ಕಾರ್ಡಿನಲ್ಲೇ ನಿಲ್ಲಿಸುತ್ತಾರೆ. 2024ರಲ್ಲಿ ಸರ್ಕಾರ ಎಲೈಸಾಕ್ಕೆ 300, ಕಾರ್ಡಿಗೆ 250 ರೂಪಾಯಿ ಮಿತಿ ಹಾಕಿತು, ಆದರೂ ದಿನಗೂಲಿಯವರಿಗೆ ಅದೂ ದೊಡ್ಡದೇ. ಖಚಿತ ಸಂಖ್ಯೆ ಏರುವ ಹೊತ್ತಿಗೆ ಎರಡು ವಾರ ತಡ ಆಗಿರುತ್ತದೆ. ನಮಗೆ ಮೊದಲು ಗೊತ್ತಾಗುವುದು ಜ್ವರದವರ ಸಂಖ್ಯೆ ಏರಿದಾಗ. ಅದು ವಾರವಾರ ವರದಿ ಆಗುತ್ತದೆ.

ಕಡಲಾಚೆ | ಭಾನುವಾರ ರಾತ್ರಿ 10:26

ಹಾಗಾದರೆ ಹೀಗೆ: ಹಿಂದಿನ 5 ವರ್ಷದಲ್ಲಿ ಅದೇ ವಾರ ಸರಾಸರಿ ಎಷ್ಟು ಜ್ವರ ಇತ್ತು ನೋಡುವುದು. ಈ ವಾರ ಅದನ್ನು ತುಂಬ ಮೀರಿದರೆ ಜಿಲ್ಲಾ ಆರೋಗ್ಯಾಧಿಕಾರಿ ಒಂದು ಪತ್ರ ಕೊಡುವುದು. ಆ ಪತ್ರವೇ ಬೀಗದ ಕೈ. ಕೊರೋನಾ ವರ್ಷಗಳನ್ನು ಸರಾಸರಿಯಿಂದ ಬಿಡಬೇಕು, ಇಲ್ಲದಿದ್ದರೆ ಲೆಕ್ಕ ತಪ್ಪುತ್ತದೆ.

ಕದ್ರಿಗುಡ್ಡೆ | ಭಾನುವಾರ ರಾತ್ರಿ 10:40

ಹೊಸ ರೋಗಕ್ಕೆ ಸರಾಸರಿ ಎಲ್ಲಿಂದ ಬರುತ್ತದೆ? 2018ರ ಮೇಯಲ್ಲಿ ಕೋಝಿಕ್ಕೋಡ್‌ನಲ್ಲಿ ನಿಫಾ ಬಂತು. ನಮ್ಮ ಆಸ್ಪತ್ರೆಗಳಿಗೆ ಕೇರಳದಿಂದ ದಿನಾ ಜನ ಬರುತ್ತಾರೆ. ನಿಫಾಕ್ಕೆ ಒಂದೇ ಪ್ರಕರಣ ಸಾಕು. ಅದನ್ನೂ ಸೇರಿಸಿ. ಹೌದು, ನಿನ್ನೆ ಬೇಡ ಅಂದವನು ನಾನೇ. ಔಷಧಿ ಅಂಗಡಿಯವರ ಮಾತು ಓದಿ ಅಭಿಪ್ರಾಯ ಬದಲಾಯಿತು.

ಲಾಲ್‌ಬಾಗ್_ವಾಸಿ | ಭಾನುವಾರ ರಾತ್ರಿ 10:52

ಕೌನ್ಸಿಲ್ ಮಂಜೂರಾತಿ ಅಂದಿರಿ. ಕೌನ್ಸಿಲ್ ಇಲ್ಲದಿದ್ದರೆ? 2019ರ ಡೆಂಗ್ಯೂ ಸಮಯದಲ್ಲಿ ಚುನಾಯಿತ ಕೌನ್ಸಿಲ್ ಇರಲಿಲ್ಲ. ಚುನಾವಣೆ ನಡೆದದ್ದು ನವೆಂಬರ್‌ನಲ್ಲಿ, ಮೇಯರ್ ಬಂದದ್ದು 2020ರ ಫೆಬ್ರವರಿ ಕೊನೆಯಲ್ಲಿ. ಆಡಳಿತಾಧಿಕಾರಿ ಇರುವಾಗ ಅದೇ ಲೆಕ್ಕವನ್ನು ವಾರ್ಡ್ ಸಮಿತಿಗಳ ಮುಂದೆ ಇಡಬೇಕು ಅಂತ ಬರೆಯಿರಿ.

ಪಂಪ್‌ವೆಲ್_ದಾರಿ | ಸೋಮವಾರ ಬೆಳಿಗ್ಗೆ 7:15

ಒಂದು ಷರತ್ತಿಗೆ ನಾನೂ ಸಹಿ ಹಾಕುತ್ತೇನೆ. ಏನು ತಂದರು, ಯಾರಿಂದ ತಂದರು, ಎಷ್ಟು ಕೊಟ್ಟರು, ಪ್ರತಿ ಶುಕ್ರವಾರ ಪಾಲಿಕೆಯ ವೆಬ್‌ಸೈಟಿನಲ್ಲಿ ಕನ್ನಡದಲ್ಲಿ ಬರಬೇಕು. ಮತ್ತೆ ಆ ದಂಡದ ಹಣ ಎಲ್ಲಿ ಹೋಗುತ್ತದೆ? 2024ರಲ್ಲಿ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಘೋಷಿಸಿ, ನಗರದಲ್ಲಿ ಮನೆಗೆ 400, ಅಂಗಡಿ ಹೋಟೆಲಿಗೆ 1,000, ಕಟ್ಟಡ ಕಟ್ಟುವ ಜಾಗಕ್ಕೆ 2,000 ರೂಪಾಯಿ ದಂಡ ಅಂತ ಮಾಡಿದರಲ್ಲ. ಅದನ್ನು ಈ ಖಾತೆಗೇ ಹಾಕಲಿ.

ಆರಂಭಿಕಶಿಲ್ಕು | ಸೋಮವಾರ ಬೆಳಿಗ್ಗೆ 7:50

ಹಾಕಲಿ, ಆದರೆ ಅದನ್ನೇ ನೆಚ್ಚಬೇಡಿ. ದಂಡ ಜಾಸ್ತಿ ಬರಲಿ ಅಂತ ಬಯಸುವ ನಿಧಿ ಒಳ್ಳೆಯದಲ್ಲ. ಶುಕ್ರವಾರದ ಪಟ್ಟಿ ತುಂಬ ಒಳ್ಳೆಯ ಸಲಹೆ. ಪತ್ರದ ಲೆಕ್ಕದ ಭಾಗ ನಾನು ಬರೆದು ಕೊಡುತ್ತೇನೆ. ತೆರಿಗೆ, ಹಣಕಾಸು ಮತ್ತು ಅಪೀಲು ಸ್ಥಾಯಿ ಸಮಿತಿಗೂ ಒಂದು ಪ್ರತಿ ಹೋಗಬೇಕು. 2006ರ ಲೆಕ್ಕಪತ್ರ ನಿಯಮಗಳ ಭಾಷೆಯಲ್ಲೇ ಬರೆದರೆ ಯಾರೂ "ಅವಕಾಶ ಇಲ್ಲ" ಅಂತ ಬದಿಗಿಡುವುದು ಕಷ್ಟ.

ಔಷಧಿಅಂಗಡಿ | ಸೋಮವಾರ ಬೆಳಿಗ್ಗೆ 8:02

ಹದಿನೈದು ದಿನದೊಳಗೆ ಪಾವತಿ ಎಂಬ ಸಾಲು ದಯವಿಟ್ಟು ಮರೆಯಬೇಡಿ.

ಸ್ವರ್ಣಾತೀರ | ಸೋಮವಾರ ಬೆಳಿಗ್ಗೆ 8:10

ಪತ್ರ ಆದ ಮೇಲೆ ನನಗೂ ಕಳಿಸಿ. ಹೆಸರು ಬದಲಾಯಿಸಿ ಉಡುಪಿ ನಗರಸಭೆಗೂ ಕೊಡುತ್ತೇವೆ. ಶೌಚಾಲಯದ ಚಿಲಕ, ಬಕೆಟು, ಚಾಪೆ, ಇಂಥ ಸಣ್ಣ ಸಾಮಾನಿಗೂ ಹಣ ತೆಗೆಯಬಹುದು ಅಂತ ಸ್ಪಷ್ಟವಾಗಿ ಇರಲಿ.

ಜೆಪ್ಪುಮನೆ | ಸೋಮವಾರ ಬೆಳಿಗ್ಗೆ 8:35

ಎಲ್ಲವನ್ನೂ ಬರೆದುಕೊಂಡೆ. ಕರಡು ಬುಧವಾರದೊಳಗೆ ಇಲ್ಲೇ ಹಾಕುತ್ತೇನೆ. ಮಗಳಿಗೆ ಈಗ ಕಾಲೇಜು, ಟೈಪ್ ಮಾಡಿಕೊಡುತ್ತೇನೆ ಅಂದಿದ್ದಾಳೆ.

ಆಶಾ_ಕಾವೂರು | ಸೋಮವಾರ ಬೆಳಿಗ್ಗೆ 8:48

ಒಳ್ಳೆಯದಾಗಲಿ ಅಕ್ಕ. ಹಣ ಬಂದಾಗ ಮೊದಲು ಫಾಗಿಂಗ್ ಯಂತ್ರಕ್ಕೆ ಕೊಡಬೇಡಿ ಅಂತಲೂ ಸೇರಿಸಿ. ಹೊಗೆ ಹಾರುವ ಸೊಳ್ಳೆಗೆ ಮಾತ್ರ, ನೀರಿನೊಳಗಿನ ಹುಳಕ್ಕೆ ಏನೂ ಆಗುವುದಿಲ್ಲ. ಮನೆಮನೆಗೆ ಹೋಗುವ ಕಾಲುಗಳಿಗೆ ಮೊದಲು ಕೊಡಿ. ಒಂದು ವರ್ಷ ನಮ್ಮ ಸಮೀಕ್ಷೆಯ ಭತ್ಯೆ ಏಳು ತಿಂಗಳು ತಡವಾಗಿ ಬಂದಿತ್ತು. ಎಲ್ಲಿಂದ ತಡವಾಯಿತು ಅಂತ ಇಲ್ಲಿ ಹೇಳುವುದಿಲ್ಲ. ಆದರೂ ನಾವು ಹೋಗಿದ್ದೇವೆ.

ನಾಳೆಯಿಂದ ನಮ್ಮ ಕಡೆ ಲಾರ್ವಾ ಸಮೀಕ್ಷೆ ಶುರು. ಗೇಟು ತಟ್ಟಿದರೆ ದಯವಿಟ್ಟು ತೆರೆಯಿರಿ, ಮೇಲಿನ ಟ್ಯಾಂಕಿ ನೋಡಲು ಬಿಡಿ. ಏಣಿ ಇದ್ದರೆ ತೆಗೆದಿಡಿ.